ಕಿಡ್ನಿ ‘ಕ್ಲೀನ್’ ಮಾಡುವ ಕಷಾಯ: ಒಳಗಿನ ಗಾಯದ ಕಲೆ ತೊಳೆದರೆ ಹೋಗುತ್ತದೆಯೇ?

ಒಂದು ಕಟ್ಟು ಕೊತ್ತಂಬರಿ ಸೊಪ್ಪನ್ನು ಹೆಚ್ಚಿ, ನೀರಲ್ಲಿ ಕುದಿಸಿ, ಸೋಸಿ ದಿನಾ ಕುಡಿಯಿರಿ, ಕಿಡ್ನಿಯಲ್ಲಿ ವರ್ಷಗಳಿಂದ ಕೂತಿರುವ ಕೊಳೆ, ಉಪ್ಪು, ವಿಷವೆಲ್ಲ ಮೂತ್ರದಲ್ಲಿ ಹೊರಬರುತ್ತದೆ ಎನ್ನುವ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಕೆಲವು ಫಾರ್ವರ್ಡ್‌ಗಳಲ್ಲಿ ಕೊತ್ತಂಬರಿ ಜಾಗದಲ್ಲಿ ನೆಗ್ಗಿಲು ಮುಳ್ಳು ಇರುತ್ತದೆ, ಕೆಲವದರಲ್ಲಿ ಬಾಳೆದಿಂಡು. ಕೊನೆಯ ಸಾಲು ಮಾತ್ರ ಒಂದೇ: ಡಯಾಲಿಸಿಸ್ ಬೇಕಾಗುವುದೇ ಇಲ್ಲ, ಎಲ್ಲರಿಗೂ ಶೇರ್ ಮಾಡಿ.

ತುಮಕೂರು ಜಿಲ್ಲೆಯ ವಳ್ಳೂರು ಕಡೆಯ ಓದುಗರೊಬ್ಬರು ಇದನ್ನು ನಮಗೆ ಕಳಿಸಿ ಕೇಳಿದ್ದು ಇಷ್ಟು: “ಅಮ್ಮನಿಗೆ 60 ವರ್ಷ. 12 ವರ್ಷದಿಂದ ಶುಗರ್ ಇದೆ. ಮಂಡಿ ನೋವಿಗೆ ಆಗಾಗ ಮಾತ್ರೆ ತಗೋತಾರೆ. ಮೊನ್ನೆ ಕ್ರಿಯಾಟಿನಿನ್ 1.3 ಬಂತು, ಸ್ವಲ್ಪ ಜಾಸ್ತಿ ಅಷ್ಟೇ ಅಂದ್ರು. ಇದನ್ನ ಕುಡಿಸಿ ಶುಗರ್ ಮಾತ್ರೆ, ಬಿಪಿ ಮಾತ್ರೆ ನಿಲ್ಲಿಸಬಹುದಾ?”

ಚುಟುಕಾದ ಉತ್ತರ: ನಿಲ್ಲಿಸಬೇಡಿ. ದೀರ್ಘಕಾಲದ ಕಾಯಿಲೆಯಲ್ಲಿ ಕಿಡ್ನಿಯೊಳಗೆ ಕೂರುವುದು ಕೊಳೆಯಲ್ಲ, ಗಾಯದ ಕಲೆ. ವೈದ್ಯರು ಅದನ್ನು ಫೈಬ್ರೋಸಿಸ್ ಎನ್ನುತ್ತಾರೆ. ಚಿಕ್ಕಂದಿನಲ್ಲಿ ಬಿದ್ದು ಮೊಣಕಾಲಿಗೆ ಆದ ಕಲೆ ಸೋಪು ಹಾಕಿ ಉಜ್ಜಿದರೆ ಹೇಗೆ ಹೋಗುವುದಿಲ್ಲವೋ, ಇದೂ ಹಾಗೆಯೇ. ಆದರೆ ಹೊಸ ಕಲೆ ಬೀಳುವುದನ್ನು ನಿಧಾನ ಮಾಡಲು ಇವತ್ತು ಒಳ್ಳೆಯ ದಾರಿಗಳಿವೆ. ಅದಕ್ಕಾಗಿ ಈ ಕಲೆ ಹೇಗೆ ಹುಟ್ಟುತ್ತದೆ ಎಂದು ಮೊದಲು ತಿಳಿದುಕೊಳ್ಳೋಣ.

ಕಿಡ್ನಿಯ ಒಳಗೆ ಏನಿದೆ?

ನಮ್ಮ ಒಂದೊಂದು ಕಿಡ್ನಿಯೂ ಮುಷ್ಟಿಯಷ್ಟು ದೊಡ್ಡದು. ಒಂದೊಂದರಲ್ಲೂ ಸುಮಾರು 10 ಲಕ್ಷ ಪುಟ್ಟ ಸೋಸುವ ಘಟಕಗಳಿರುತ್ತವೆ. ಇವೇ ನೆಫ್ರಾನ್‌ಗಳು. ಪ್ರತಿ ನೆಫ್ರಾನ್‌ನಲ್ಲಿ ಎರಡು ಭಾಗ. ಮೊದಲನೆಯದು ಕೂದಲಿಗಿಂತ ಸಣ್ಣ ರಕ್ತನಾಳಗಳು ಸುತ್ತಿಕೊಂಡ ಒಂದು ಉಂಡೆ, ಅಂದರೆ ಜರಡಿ. ಎರಡನೆಯದು ಆ ಜರಡಿಯಿಂದ ಹೊರಡುವ ಉದ್ದನೆಯ ಸಣ್ಣ ಕೊಳವೆ.

ಜರಡಿಗಳಿಂದ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ ಬರುತ್ತದೆ. ಅಷ್ಟನ್ನೂ ನಾವು ಹೊರಹಾಕುವುದಿಲ್ಲ. ಕೊಳವೆಗಳ ಗೋಡೆಯ ಜೀವಕೋಶಗಳು ದೇಹಕ್ಕೆ ಬೇಕಾದ ನೀರು, ಉಪ್ಪು, ಸಕ್ಕರೆಯನ್ನೆಲ್ಲ ಮತ್ತೆ ರಕ್ತಕ್ಕೆ ಎಳೆದುಕೊಳ್ಳುತ್ತವೆ. ಕೊನೆಗೆ ಉಳಿಯುವ ಒಂದೂವರೆ ಲೀಟರ್‌ನಷ್ಟೇ ಮೂತ್ರ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಹುಟ್ಟಿದ ಮೇಲೆ ನಮ್ಮಲ್ಲಿ ಹೊಸ ನೆಫ್ರಾನ್ ಬೆಳೆಯುವುದಿಲ್ಲ. ಇರುವುದನ್ನೇ ಬಾಳಿಸಬೇಕು.

ಗಾಯ ಆಗುವುದು ಹೇಗೆ?

ನಮ್ಮಲ್ಲಿ ಕಿಡ್ನಿ ಕೆಡಲು ದೊಡ್ಡ ಕಾರಣಗಳು ಎರಡು: ಸಕ್ಕರೆ ಕಾಯಿಲೆ ಮತ್ತು ಅಧಿಕ ರಕ್ತದೊತ್ತಡ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಾಗ ಜರಡಿಯ ಒಳಗಿನ ಒತ್ತಡ ಏರುತ್ತದೆ, ಜರಡಿಯ ಪೊರೆ ದಪ್ಪವಾಗುತ್ತದೆ. ಆ ಪೊರೆಯನ್ನು ಹೊರಗಿನಿಂದ ಕಾಲಿನಂಥ ಚಾಚುಗಳಿಂದ ಅಪ್ಪಿಕೊಂಡಿರುವ ಕಾವಲು ಜೀವಕೋಶಗಳಿವೆ. ಒತ್ತಡ ತಾಳಲಾರದೆ ಅವು ಒಂದೊಂದಾಗಿ ಕಳಚಿ ಬೀಳುತ್ತವೆ. ಜರಡಿಯ ಕಣ್ಣು ದೊಡ್ಡದಾಗುತ್ತದೆ. ರಕ್ತದಲ್ಲೇ ಇರಬೇಕಾದ ಆಲ್ಬುಮಿನ್ ಎಂಬ ಪ್ರೋಟೀನ್ ಸೋರಿ ಮೂತ್ರಕ್ಕೆ ಬರುತ್ತದೆ. ಮೂತ್ರದಲ್ಲಿ ಆರದ ನೊರೆ ಕಂಡರೆ ಇದು ಒಂದು ಕಾರಣ ಇರಬಹುದು.

ಸೋರಿದ ಪ್ರೋಟೀನನ್ನು ಕೊಳವೆಯ ಜೀವಕೋಶಗಳು ವಾಪಸ್ ಎಳೆದುಕೊಳ್ಳಲು ಹೆಣಗುತ್ತವೆ. ಸುಸ್ತಾದಾಗ ಸಹಾಯಕ್ಕೆ ಕೂಗಿದಂತೆ ರಾಸಾಯನಿಕ ಸಂಕೇತಗಳನ್ನು ಬಿಡುತ್ತವೆ. ಉರಿಯೂತದ ಜೀವಕೋಶಗಳು ಅಲ್ಲಿಗೆ ಬಂದು ಸೇರುತ್ತವೆ. ಈ ಸಂಕೇತಗಳಲ್ಲಿ ಮುಖ್ಯವಾದದ್ದು ಟಿಜಿಎಫ್-ಬೀಟಾ. ಅದು ಸುತ್ತಲಿನ ಕೆಲವು ಜೀವಕೋಶಗಳಿಗೆ ‘ಗಾಯ ಮುಚ್ಚಿ’ ಎಂದು ಹೇಳುತ್ತದೆ. ಅವು ಕೊಲಾಜೆನ್ ಎಂಬ ನಾರನ್ನು ನೇಯತೊಡಗುತ್ತವೆ.

ಕೈ ಕುಯ್ದುಕೊಂಡಾಗಲೂ ನಡೆಯುವುದು ಇದೇ ಕೆಲಸ. ವ್ಯತ್ಯಾಸ ಒಂದೇ: ಕೈಯ ಗಾಯ ಒಂದು ಸಲ ಆಗಿ, ಮಾಗಿ, ದುರಸ್ತಿ ನಿಲ್ಲುತ್ತದೆ. ಶುಗರ್, ಬಿಪಿ ಹತೋಟಿಯಲ್ಲಿಲ್ಲದ ಕಿಡ್ನಿಯಲ್ಲಿ ಗಾಯ ದಿನವೂ ಆಗುತ್ತಿರುತ್ತದೆ. ಹಾಗಾಗಿ ದುರಸ್ತಿಯೂ ನಿಲ್ಲುವುದಿಲ್ಲ, ನಾರು ನೇಯುವುದು ಮುಂದುವರಿಯುತ್ತಲೇ ಇರುತ್ತದೆ.

ಈ ನಾರು ಕೊಳವೆಗಳ ನಡುವಿನ ಜಾಗ ತುಂಬಿಕೊಂಡಾಗ ಅಲ್ಲಿನ ಸಣ್ಣ ರಕ್ತನಾಳಗಳು ನಶಿಸುತ್ತವೆ. ಆಮ್ಲಜನಕ ಕಡಿಮೆಯಾಗುತ್ತದೆ. ಉಸಿರುಗಟ್ಟಿದ ಕೊಳವೆಗಳು ಸಾಯುತ್ತವೆ, ಸತ್ತ ಜಾಗದಲ್ಲಿ ಮತ್ತಷ್ಟು ನಾರು ಬೆಳೆಯುತ್ತದೆ. ಕಲೆಯೇ ಹೊಸ ಕಲೆಗೆ ಕಾರಣವಾಗುವುದು ಹೀಗೆ.

ಕೊಳವೆಬಾವಿಗಳ ಲೆಕ್ಕ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಓದುಗರಿಗೆ ಮುಂದಿನ ಹಂತ ಬೇಗ ಅರ್ಥವಾಗುತ್ತದೆ. ಹತ್ತು ಕೊಳವೆಬಾವಿ ಇರುವ ಊರನ್ನು ನೆನೆಸಿಕೊಳ್ಳಿ. ನಾಲ್ಕು ಬತ್ತಿದವು. ಊರಿಗೆ ಬೇಕಾದ ನೀರೇನೂ ಕಡಿಮೆಯಾಗಲಿಲ್ಲ. ಉಳಿದ ಆರರ ಮೋಟಾರುಗಳನ್ನು ಹಗಲು ರಾತ್ರಿ ಓಡಿಸುತ್ತಾರೆ. ನಲ್ಲಿಯಲ್ಲಿ ನೀರು ಬರುತ್ತಲೇ ಇರುವುದರಿಂದ ಮನೆಯಲ್ಲಿ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆದರೆ ಹೆಚ್ಚು ಎಳೆದಷ್ಟೂ ಆ ಆರು ಬೇಗ ಬತ್ತುತ್ತವೆ. ಐದಾಯಿತು, ಮೂರಾಯಿತು, ಒಂದು ದಿನ ನಲ್ಲಿಯಲ್ಲಿ ಗಾಳಿ.

ಕಿಡ್ನಿಯಲ್ಲೂ ಹೀಗೆಯೇ. ಕೆಲವು ನೆಫ್ರಾನ್ ಸತ್ತಾಗ ಉಳಿದವು ಹೆಚ್ಚು ಒತ್ತಡದಲ್ಲಿ ಹೆಚ್ಚು ಸೋಸುತ್ತವೆ. ಆ ಹೆಚ್ಚುವರಿ ಒತ್ತಡವೇ ಅವುಗಳನ್ನೂ ಗಾಯಗೊಳಿಸುತ್ತದೆ. ಬ್ಯಾರಿ ಬ್ರೆನ್ನರ್ ಮತ್ತು ಸಂಗಡಿಗರು 1982ರಲ್ಲಿ ಮುಂದಿಟ್ಟ ವಿವರಣೆ ಇದು. ಮೊದಲ ಕಾರಣ ಯಾವುದೇ ಇರಲಿ, ಒಂದು ಹಂತ ದಾಟಿದ ಮೇಲೆ ಕಿಡ್ನಿ ಕಾಯಿಲೆ ತಾನೇ ಮುಂದುವರಿಯುವುದು ಏಕೆ ಎನ್ನುವುದನ್ನು ಇದು ತಿಳಿಸುತ್ತದೆ.

ನಲ್ಲಿಯಲ್ಲಿ ನೀರು ಬರುತ್ತಿದೆ ಎಂಬ ಸಮಾಧಾನವೇ ಇಲ್ಲಿನ ಅಪಾಯ. ಅರ್ಧ ಕಿಡ್ನಿ ಶಕ್ತಿ ಹೋದರೂ ಬಹುತೇಕರಿಗೆ ನೋವಿಲ್ಲ, ಸುಸ್ತಿಲ್ಲ, ಮೂತ್ರವೂ ಎಂದಿನಂತೆಯೇ ಹೋಗುತ್ತದೆ. ಕಾಲು ಊತ, ವಾಕರಿಕೆ, ಮೈ ತುರಿಕೆ, ಉಬ್ಬಸ ಕಾಣುವುದು ಸಾಮಾನ್ಯವಾಗಿ ತಡವಾಗಿ.

‘1.3 ಅಷ್ಟೇ’ ಎನ್ನುವುದರ ಅರ್ಥವೇನು?

ಕ್ರಿಯಾಟಿನಿನ್ ಎನ್ನುವುದು ನಮ್ಮ ಮಾಂಸಖಂಡಗಳಿಂದ ಬರುವ ತ್ಯಾಜ್ಯ. ಕಿಡ್ನಿ ಅದನ್ನು ಹೊರಹಾಕುತ್ತದೆ. ರಕ್ತದಲ್ಲಿ ಅದು ಎಷ್ಟಿದೆ ಎಂಬುದು ಕಿಡ್ನಿಯ ಜೊತೆಗೆ ವಯಸ್ಸು, ಲಿಂಗ, ಮೈಕಟ್ಟನ್ನೂ ಅವಲಂಬಿಸಿದೆ. ಅದಕ್ಕೇ ವೈದ್ಯರು ಬರೀ ಆ ಸಂಖ್ಯೆ ನೋಡುವುದಿಲ್ಲ. ಅದರಿಂದ ಇಜಿಎಫ್‌ಆರ್ ಎಂಬ ಇನ್ನೊಂದು ಸಂಖ್ಯೆ ಲೆಕ್ಕ ಹಾಕುತ್ತಾರೆ. ಒಂದು ನಿಮಿಷಕ್ಕೆ ಕಿಡ್ನಿಗಳು ಎಷ್ಟು ಮಿಲಿಲೀಟರ್ ಸೋಸುತ್ತಿವೆ ಎಂಬ ಅಂದಾಜು ಅದು.

ಈಗ ಚಾಲ್ತಿಯಲ್ಲಿರುವ 2021ರ ಸೂತ್ರದಲ್ಲಿ ನಾವು ಲೆಕ್ಕ ಹಾಕಿ ನೋಡಿದೆವು. ಕ್ರಿಯಾಟಿನಿನ್ 1.3 ಇರುವ 25 ವರ್ಷದ ಗಂಡಸಿಗೆ ಇಜಿಎಫ್‌ಆರ್ ಸುಮಾರು 78. ಅದೇ 1.3 ಇರುವ 60 ವರ್ಷದ ಹೆಂಗಸಿಗೆ ಸುಮಾರು 47. ಸಂಖ್ಯೆ ಒಂದೇ, ಅರ್ಥ ಬೇರೆ ಬೇರೆ. ಇಜಿಎಫ್‌ಆರ್ 60ಕ್ಕಿಂತ ಕಡಿಮೆಯಾಗಿ ಮೂರು ತಿಂಗಳಿಗಿಂತ ಹೆಚ್ಚು ಕಾಲ ಹಾಗೆಯೇ ಇದ್ದರೆ ಅದನ್ನು ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನುತ್ತಾರೆ. 15ಕ್ಕಿಂತ ಕೆಳಗಿಳಿದರೆ ಕಿಡ್ನಿ ವೈಫಲ್ಯ.

ಇದಕ್ಕಿಂತ ಮೊದಲೇ ಎಚ್ಚರಿಸುವ ಪರೀಕ್ಷೆ ಮೂತ್ರದ್ದು. ಆಲ್ಬುಮಿನ್ ಮತ್ತು ಕ್ರಿಯಾಟಿನಿನ್ ಅನುಪಾತ, ಅಂದರೆ ಎಸಿಆರ್, 30ಕ್ಕಿಂತ ಹೆಚ್ಚಿದ್ದರೆ ಜರಡಿ ಸೋರಲು ಶುರುವಾಗಿರಬಹುದು. ಇಜಿಎಫ್‌ಆರ್ ಚೆನ್ನಾಗಿದ್ದಾಗಲೂ ಇದು ಏರಿರಬಹುದು. ಶುಗರ್ ಇರುವವರು ವರ್ಷಕ್ಕೊಮ್ಮೆಯಾದರೂ ಈ ಎರಡನ್ನೂ ಮಾಡಿಸಬೇಕು.

ಹಾಗಾದರೆ ವಿಡಿಯೊದಲ್ಲಿ ಹೇಳಿದವರಿಗೆ ಕಡಿಮೆಯಾದದ್ದು ಹೇಗೆ?

‘ನನಗೆ ಕ್ರಿಯಾಟಿನಿನ್ 3 ಇತ್ತು, ಕಷಾಯ ಕುಡಿದ ಮೇಲೆ 1.5 ಆಯಿತು’ ಎನ್ನುವವರೆಲ್ಲ ಸುಳ್ಳು ಹೇಳುತ್ತಿಲ್ಲ. ವಾಂತಿಭೇದಿಯಾಗಿ ಮೈಯಲ್ಲಿ ನೀರು ಕಡಿಮೆಯಾದಾಗ, ಮೂತ್ರದ ದಾರಿಯಲ್ಲಿ ಕಲ್ಲು ಸಿಕ್ಕಿಕೊಂಡಾಗ, ನೋವಿನ ಮಾತ್ರೆ ಜಾಸ್ತಿ ನುಂಗಿದಾಗ ಕ್ರಿಯಾಟಿನಿನ್ ದಿಢೀರ್ ಏರುತ್ತದೆ. ಕಾರಣ ಹೋದರೆ ತಾನೇ ಇಳಿಯುತ್ತದೆ. ಅದು ಹಠಾತ್ ಪೆಟ್ಟು, ಹಳೆಯ ಕಲೆಯಲ್ಲ. ಕಷಾಯ ಕುಡಿಯುವಾಗ ಅದರ ಜೊತೆ ನೀರೂ ಹೆಚ್ಚು ಹೋಗಿರುತ್ತದೆ, ನೋವಿನ ಮಾತ್ರೆಯೂ ನಿಂತಿರುತ್ತದೆ, ಬಾಡೂಟವೂ ನಿಂತಿರುತ್ತದೆ. ಹೆಸರು ಮಾತ್ರ ಸೊಪ್ಪಿಗೆ ಬರುತ್ತದೆ.

ನೀರು ಹೆಚ್ಚು ಕುಡಿದರೆ ಹಳೆಯ ಕಾಯಿಲೆ ನಿಲ್ಲುತ್ತದೆಯೇ? ಕೆನಡಾದಲ್ಲಿ ಕಿಡ್ನಿ ಕಾಯಿಲೆಯ 631 ಜನರ ಮೇಲೆ ಇದನ್ನು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ವರ್ಷ ಹೆಚ್ಚು ನೀರು ಕುಡಿಯಲು ಹೇಳಿಸಿಕೊಂಡವರಿಗೂ ಉಳಿದವರಿಗೂ ಕಿಡ್ನಿ ಕುಸಿತದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಬಿಸಿಲಲ್ಲಿ ಹೊಲದ ಕೆಲಸ ಮಾಡುವವರು ಬಾಯಾರದಂತೆ ನೀರು ಕುಡಿಯಲೇಬೇಕು. ಆದರೆ ನೀರಿಗೆ ಕಲೆ ತೊಳೆಯುವ ಶಕ್ತಿ ಇಲ್ಲ.

ಸೊಪ್ಪಿನ ನೀರಿನಿಂದ ನಷ್ಟವೇನು?

ಕಿಡ್ನಿ ಚೆನ್ನಾಗಿರುವವರಿಗೆ ಕೊತ್ತಂಬರಿ ನೀರಿನಿಂದ ದೊಡ್ಡ ತೊಂದರೆಯಿಲ್ಲ. ಕಿಡ್ನಿ ಸೋತವರ ಕಥೆ ಬೇರೆ. ಅವರಲ್ಲಿ ಪೊಟ್ಯಾಸಿಯಂ ಹೊರಹೋಗದೆ ರಕ್ತದಲ್ಲಿ ಏರುತ್ತದೆ, ತೀರ ಏರಿದರೆ ಹೃದಯದ ಬಡಿತವೇ ನಿಲ್ಲಬಹುದು. ಪೊಟ್ಯಾಸಿಯಂ ಹೆಚ್ಚಿರುವವರಿಗೆ ಆಹಾರ ತಜ್ಞರು ಸೊಪ್ಪು ತರಕಾರಿಯನ್ನು ಕುದಿಸಿ, ಆ ನೀರನ್ನು ಚೆಲ್ಲಿ ತಿನ್ನಿ ಎನ್ನುತ್ತಾರೆ. ಏಕೆಂದರೆ ಪೊಟ್ಯಾಸಿಯಂ ಆ ನೀರಿಗೆ ಇಳಿದಿರುತ್ತದೆ. ಫಾರ್ವರ್ಡ್ ಕುಡಿಯಲು ಹೇಳುವುದು ಚೆಲ್ಲಬೇಕಾದ ಅದೇ ನೀರನ್ನು! ಎಳನೀರಿನಲ್ಲೂ, ‘ಕಡಿಮೆ ಸೋಡಿಯಂ’ ಎಂದು ಮಾರುವ ಹಲವು ಉಪ್ಪುಗಳಲ್ಲೂ ಪೊಟ್ಯಾಸಿಯಂ ಹೆಚ್ಚು. ಇವನ್ನು ವೈದ್ಯರನ್ನು ಕೇಳದೆ ಶುರು ಮಾಡಬೇಡಿ.

ಕೆಲವು ಬೇರುಗಳು ತಾವೇ ಕಲೆ ಹುಟ್ಟಿಸುತ್ತವೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಗಿಡಮೂಲಿಕೆ ಮಾತ್ರೆ ತಿಂದ ಹೆಂಗಸರ ಕಿಡ್ನಿಗಳು ಬೇಗ ಬೇಗ ನಾರುಗಟ್ಟಿದವು. ಅಂಥ ನೂರಕ್ಕೂ ಹೆಚ್ಚು ಪ್ರಕರಣಗಳು ಪತ್ತೆಯಾದವು. ಒಂದು ಮೂಲಿಕೆಯ ಜಾಗದಲ್ಲಿ ಅರಿಸ್ಟೊಲೋಕಿಯಾ ಜಾತಿಯ ಗಿಡ ಸೇರಿಬಿಟ್ಟಿತ್ತು. ಮಾತ್ರೆ ನಿಲ್ಲಿಸಿದ ಮೇಲೂ ಹಲವರಲ್ಲಿ ಕಾಯಿಲೆ ಮುಂದುವರಿಯಿತು. ಅದೇ ಜಾತಿಯ ಗಿಡ ನಮ್ಮಲ್ಲೂ ಇದೆ: ಈಶ್ವರಿ ಬಳ್ಳಿ. ಹಾವು ಕಡಿತಕ್ಕೆ ಇದರ ಬೇರು ಅರೆದು ಕುಡಿಸುವ ರೂಢಿ ಹಳ್ಳಿಗಳಲ್ಲಿದೆ. ಕೊಳಕುಮಂಡಲದ ವಿಷವೇ ಕಿಡ್ನಿಗೆ ಪೆಟ್ಟು ಕೊಡುತ್ತದೆ. ಅದರ ಮೇಲೆ ಈ ಬೇರು ಬೇಡವೇ ಬೇಡ. ಹಾವು ಕಡಿದರೆ ಇರುವ ಮದ್ದು ಆಸ್ಪತ್ರೆಯ ವಿಷನಿರೋಧಕ ಚುಚ್ಚುಮದ್ದು ಮಾತ್ರ.

ಮಂಡಿ ನೋವಿನ ಮಾತ್ರೆ

ಡೈಕ್ಲೋಫಿನಾಕ್, ಅಸೆಕ್ಲೋಫಿನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳು ನೋವು ತಗ್ಗಿಸುವಾಗಲೇ ಕಿಡ್ನಿಗೆ ರಕ್ತ ತರುವ ನಾಳವನ್ನು ಅಗಲವಾಗಿಡುವ ವಸ್ತುವನ್ನೂ ತಡೆಯುತ್ತವೆ. ನಾಳ ಬಿಗಿಯುತ್ತದೆ, ಜರಡಿಗೆ ರಕ್ತ ಕಡಿಮೆಯಾಗುತ್ತದೆ. ಗಟ್ಟಿ ಕಿಡ್ನಿ ಅಪರೂಪಕ್ಕೊಂದು ಮಾತ್ರೆಯನ್ನು ತಾಳಿಕೊಳ್ಳುತ್ತದೆ. ಶುಗರ್, ಬಿಪಿ ಇರುವವರು, ಬಿಸಿಲಲ್ಲಿ ಬೆವರಿ ಬಂದವರು, ವಾಂತಿಭೇದಿ ಆಗುತ್ತಿರುವವರು ಇದನ್ನು ಅಂಗಡಿಯಿಂದ ತಂದು ನುಂಗಿದರೆ ಪೆಟ್ಟು ಜೋರು. ಇಂಥವರಿಗೆ ವೈದ್ಯರು ಸಾಮಾನ್ಯವಾಗಿ ಮಿತ ಪ್ರಮಾಣದ ಪ್ಯಾರಸಿಟಮಾಲ್ ಹೇಳುತ್ತಾರೆ.

ಪಾವಗಡದ ನೀರು ಕಾರಣವೇ?

ಈ ಸೀಮೆಯಲ್ಲಿ ಕಿಡ್ನಿ ಎಂದ ಕೂಡಲೇ ಬರುವ ಪ್ರಶ್ನೆ ಫ್ಲೋರೈಡ್‌ನದು. ಪಾವಗಡ ಮತ್ತು ಸುತ್ತಲಿನ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಹಳೆಯ ಸಮಸ್ಯೆ. ಕುಡಿಯುವ ನೀರಿಗೆ ಭಾರತೀಯ ಮಾನದಂಡ ಹೇಳುವ ಮಟ್ಟ ಲೀಟರ್‌ಗೆ 1 ಮಿಲಿಗ್ರಾಂ. ಬೇರೆ ನೀರೇ ಸಿಗದಿದ್ದರೆ ಗರಿಷ್ಠ 1.5. ಇದಕ್ಕಿಂತ ಹೆಚ್ಚಿನ ಫ್ಲೋರೈಡ್ ಹಲ್ಲು, ಮೂಳೆ ಕೆಡಿಸುವುದು ಖಚಿತ. ದೇಹಕ್ಕೆ ಸೇರಿದ ಫ್ಲೋರೈಡನ್ನು ಹೊರಹಾಕುವ ಮುಖ್ಯ ಅಂಗವೇ ಕಿಡ್ನಿ. ಕಿಡ್ನಿ ಸೋತಾಗ ಅದು ಮೂಳೆಯಲ್ಲಿ ಇನ್ನಷ್ಟು ಶೇಖರವಾಗುತ್ತದೆ. ಹಾಗಾಗಿ ಕಿಡ್ನಿ ತೊಂದರೆ ಇರುವವರು ಶುದ್ಧ ನೀರಿನ ಘಟಕದ ನೀರನ್ನೇ ಕುಡಿಯುವುದು, ಅದರಲ್ಲೇ ಅಡುಗೆ ಮಾಡುವುದು ಒಳ್ಳೆಯದು. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ.

ಆದರೆ ‘ಎಲ್ಲ ನೀರಿನದೇ ತಪ್ಪು’ ಎಂದು ಶುಗರ್, ಬಿಪಿ ನೋಡಿಸದೆ ಕೂರುವುದು ನಷ್ಟದ ದಾರಿ. ಪಕ್ಕದ ಆಂಧ್ರಪ್ರದೇಶದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂನಲ್ಲಿ ಶುಗರ್, ಬಿಪಿ ಇಲ್ಲದ ರೈತರು, ಕೂಲಿಕಾರರಿಗೂ ಕಿಡ್ನಿ ಕಾಯಿಲೆ ಬರುತ್ತಿದೆ. ಅವರ ಕಿಡ್ನಿಗಳಲ್ಲೂ ಕಾಣುವುದು ಕೊಳವೆಗಳ ನಡುವಿನ ನಾರು. ನೀರು, ಬಿಸಿಲು, ಕೀಟನಾಶಕ ಎಲ್ಲವನ್ನೂ ಅಲ್ಲಿ ವಿಜ್ಞಾನಿಗಳು ಪರಿಶೀಲಿಸುತ್ತಿದ್ದಾರೆ. ಹಾಗೆಯೇ ಕಿಡ್ನಿ ಕಲ್ಲಿನ ತಡೆ, ಪ್ರಾಸ್ಟೇಟ್ ಊತ, ಮಕ್ಕಳಲ್ಲಿ ಮರುಕಳಿಸುವ ಮೂತ್ರದ ಸೋಂಕು, ವಂಶದಲ್ಲಿ ಬರುವ ನೀರುಗುಳ್ಳೆ ಕಾಯಿಲೆ ಇವುಗಳಿಂದಲೂ ಕಲೆ ಬೀಳುತ್ತದೆ. ಬಾಗಿಲು ಹಲವು, ಒಳಗೆ ನಡೆಯುವುದು ಒಂದೇ.

ಬಿಪಿ, ಶುಗರ್ ಮಾತ್ರೆಯೇ ಕಿಡ್ನಿ ಕೆಡಿಸುತ್ತದಂತೆ?

ಇದು ಕಷಾಯದ ಫಾರ್ವರ್ಡ್‌ಗಿಂತ ಅಪಾಯದ ಮಾತು. ಹೆಸರಿನ ಕೊನೆಯಲ್ಲಿ ‘ಪ್ರಿಲ್’ ಅಥವಾ ‘ಸಾರ್ಟಾನ್’ ಎಂದಿರುವ ಬಿಪಿ ಮಾತ್ರೆಗಳು ಜರಡಿಯಿಂದ ರಕ್ತ ಹೊರಹೋಗುವ ನಾಳವನ್ನು ಸಡಿಲಿಸಿ ಒಳಗಿನ ಒತ್ತಡ ಇಳಿಸುತ್ತವೆ. ಅಂದರೆ ಹಗಲು ರಾತ್ರಿ ಓಡುವ ಮೋಟಾರಿಗೆ ಸ್ವಲ್ಪ ಬಿಡುವು ಕೊಡುತ್ತವೆ. 1993ರಲ್ಲಿ ಪ್ರಕಟವಾದ ಕ್ಯಾಪ್ಟೊಪ್ರಿಲ್ ಪ್ರಯೋಗದಲ್ಲಿ ಟೈಪ್ 1 ಶುಗರ್‌ನಿಂದ ಕಿಡ್ನಿ ಕೆಟ್ಟವರಲ್ಲಿ ಸಾವು, ಡಯಾಲಿಸಿಸ್, ಕಸಿ ಇವುಗಳ ಒಟ್ಟು ಅಪಾಯ ಅರ್ಧಕ್ಕಿಳಿಯಿತು. ಈ ಮಾತ್ರೆ ಶುರು ಮಾಡಿದಾಗ ಕ್ರಿಯಾಟಿನಿನ್ ಸ್ವಲ್ಪ ಏರುವುದುಂಟು. ಒತ್ತಡ ಇಳಿದದ್ದರ ಗುರುತು ಅದು. ಶೇ. 30ರೊಳಗಿನ ಏರಿಕೆಗೆ ವೈದ್ಯರು ಸಾಮಾನ್ಯವಾಗಿ ಮಾತ್ರೆ ನಿಲ್ಲಿಸುವುದಿಲ್ಲ. ಇದನ್ನು ನೋಡಿಯೇ ಎಷ್ಟೋ ಜನ ಹೆದರಿ ತಾವೇ ಬಿಟ್ಟುಬಿಡುತ್ತಾರೆ.

ಹೊಸ ಗುಂಪಿನ ಮಾತ್ರೆಗಳ ಹೆಸರು ‘ಗ್ಲಿಫ್ಲೋಜಿನ್’ ಎಂದು ಮುಗಿಯುತ್ತದೆ. 2020ರಲ್ಲಿ 4304 ಕಿಡ್ನಿ ರೋಗಿಗಳ ಮೇಲಿನ ಡಾಪಾಗ್ಲಿಫ್ಲೋಜಿನ್ ಪ್ರಯೋಗದ ಫಲಿತಾಂಶ ಬಂತು. ಕಿಡ್ನಿ ಶಕ್ತಿ ಅರ್ಧ ಅಥವಾ ಇನ್ನೂ ಹೆಚ್ಚು ಕುಸಿಯುವುದು, ಕಿಡ್ನಿ ವೈಫಲ್ಯ, ಕಿಡ್ನಿ ಅಥವಾ ಹೃದಯದ ಕಾರಣದ ಸಾವು ಇವುಗಳ ಒಟ್ಟು ಅಪಾಯ ಶೇ. 39ರಷ್ಟು ತಗ್ಗಿತ್ತು. ಶುಗರ್ ಇಲ್ಲದವರಿಗೂ ಲಾಭವಾಗಿತ್ತು. ಈ ಔಷಧದ ಪೇಟೆಂಟ್ ಭಾರತದಲ್ಲಿ 2020ರಲ್ಲಿ, ಎಂಪಾಗ್ಲಿಫ್ಲೋಜಿನ್‌ನದು 2025ರ ಮಾರ್ಚ್‌ನಲ್ಲಿ ಮುಗಿದು ಬೆಲೆ ಬಹಳ ಇಳಿದಿದೆ. ಇನ್ನು ಮೆಟ್‌ಫಾರ್ಮಿನ್ ಕಿಡ್ನಿಯನ್ನು ಕೆಡಿಸುವುದಿಲ್ಲ. ಕಿಡ್ನಿ ಸೋತ ಮೇಲೆ ಅದರ ಪ್ರಮಾಣ ಇಳಿಸಬೇಕು ಅಥವಾ ನಿಲ್ಲಿಸಬೇಕು, ಅದನ್ನು ವೈದ್ಯರು ನೋಡಿಕೊಳ್ಳುತ್ತಾರೆ.

ಕಲೆ ಎಂದೂ ಮಾಸುವುದಿಲ್ಲವೇ? 1998ರ ಒಂದು ಅಧ್ಯಯನ ಸಣ್ಣ ಆಶಾಕಿರಣ ತೋರಿಸಿದೆ. ಮೇದೋಜೀರಕ ಗ್ರಂಥಿಯ ಕಸಿಯಾಗಿ ಸಕ್ಕರೆ ಪೂರ್ತಿ ಸರಿಹೋದ ಎಂಟು ಜನರ ಕಿಡ್ನಿಗಳಲ್ಲಿ ಶುಗರ್‌ನಿಂದಾದ ಬದಲಾವಣೆಗಳು ಹಿಂದೆ ಸರಿದಿದ್ದವು. ಐದು ವರ್ಷವಾದಾಗ ಏನೂ ಕಂಡಿರಲಿಲ್ಲ, ಹತ್ತು ವರ್ಷವಾದಾಗ ಕಂಡಿತು. ಗಾಯ ಆಗುವುದು ನಿಂತರೆ ದೇಹ ಅಷ್ಟು ನಿಧಾನವಾಗಿ ತನ್ನ ಕೆಲಸ ಮಾಡಬಹುದು. ಏಳು ದಿನದ ಕಷಾಯಕ್ಕೆ ಅದು ಸಾಧ್ಯವಿಲ್ಲ.

ಮನೆಯವರು ಏನು ಮಾಡಬೇಕು?

- ಶುಗರ್ ಅಥವಾ ಬಿಪಿ ಇದ್ದರೆ ವರ್ಷಕ್ಕೊಮ್ಮೆ ಇಜಿಎಫ್‌ಆರ್, ಮೂತ್ರದ ಎಸಿಆರ್ ಮಾಡಿಸಿ. ಹಳೆಯ ವರದಿಗಳನ್ನು ಒಂದೇ ಕವರಿನಲ್ಲಿಡಿ. ಒಂದು ಸಂಖ್ಯೆಗಿಂತ ಅದು ಹೋಗುತ್ತಿರುವ ದಿಕ್ಕು ಮುಖ್ಯ.
- ಬಿಪಿ ಸಾಮಾನ್ಯವಾಗಿ 130/80ರ ಒಳಗಿರಲಿ. ನಿಮ್ಮ ಗುರಿ ಎಷ್ಟೆಂದು ವೈದ್ಯರನ್ನೇ ಕೇಳಿ.
- ದಿನದ ಉಪ್ಪು ಒಂದು ಚಹಾ ಚಮಚದೊಳಗೆ, ಅಂದರೆ 5 ಗ್ರಾಂ ಒಳಗೆ. ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿಯ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ.
- ಬೀಡಿ, ಸಿಗರೇಟು ಬಿಡಿ.
- ನೋವಿನ ಮಾತ್ರೆಯನ್ನು ಅಂಗಡಿಯಲ್ಲಿ ಕೇಳಿ ತರಬೇಡಿ.
- ವಾಂತಿಭೇದಿ ಜೋರಾದ ದಿನ ಯಾವ ಮಾತ್ರೆ ತಾತ್ಕಾಲಿಕವಾಗಿ ನಿಲ್ಲಿಸಬೇಕು ಎಂದು ಮೊದಲೇ ಕೇಳಿಟ್ಟುಕೊಳ್ಳಿ.

30 ದಾಟಿದವರಿಗೆ ಶುಗರ್, ಬಿಪಿ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ರಾಜ್ಯದ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಇದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ ನೆಫ್ರೋ ಯುರಾಲಜಿ ಸಂಸ್ಥೆಯಿದೆ. ಆದರೆ ಡಯಾಲಿಸಿಸ್ ರಕ್ತ ಸೋಸುತ್ತದೆಯೇ ಹೊರತು ಕಲೆ ತೆಗೆಯುವುದಿಲ್ಲ. ವಾರಕ್ಕೆ ಎರಡು ಮೂರು ದಿನ, ಪ್ರತಿ ಸಲ ನಾಲ್ಕು ಗಂಟೆ, ಅದರ ಮೇಲೆ ಬಸ್ಸಿನ ಓಡಾಟ ಮತ್ತು ತಪ್ಪಿದ ಕೂಲಿ. ಅಲ್ಲಿಗೆ ಹೋಗುವ ದಿನವನ್ನು ವರ್ಷಗಟ್ಟಲೆ ಮುಂದೂಡಲು ಈಗ ಸಾಧ್ಯವಿದೆ.

ವಳ್ಳೂರು ಕಡೆಯ ಓದುಗರಿಗೆ ನಾವು ಬರೆದ ಉತ್ತರ ಇಷ್ಟು: ಕಷಾಯ ಬೇಡ. ಶುಗರ್, ಬಿಪಿ ಮಾತ್ರೆ ನಿಲ್ಲಿಸಬೇಡಿ. ಮಂಡಿ ನೋವಿನ ಮಾತ್ರೆಯ ಹಾಳೆಯನ್ನು ವೈದ್ಯರಿಗೆ ತೋರಿಸಿ. ಅಮ್ಮನ 1.3 ‘ಸ್ವಲ್ಪ ಜಾಸ್ತಿ’ ಅಲ್ಲದೆ ಇರಬಹುದು, ಅದಕ್ಕೇ ಮೂತ್ರದ ಎಸಿಆರ್ ಈಗಲೇ ಮಾಡಿಸಿ. ರಕ್ತದ ಪರೀಕ್ಷೆ ಯಾವಾಗ ಮತ್ತೆ ಮಾಡಬೇಕೆಂದು ವೈದ್ಯರು ಹೇಳುತ್ತಾರೆ. ಅಮ್ಮನ ಬಾವಿಗಳಲ್ಲಿ ಇನ್ನೂ ನೀರಿದೆ, ಉಳಿಸಿಕೊಳ್ಳುವ ಸಮಯ ಇದೇ.

ನಿಮ್ಮ ಗ್ರೂಪಿಗೆ ಕಿಡ್ನಿ ಕ್ಲೀನ್ ಮಾಡುವ ಫಾರ್ವರ್ಡ್ ಬಂದರೆ ಕಳಿಸಿದವರ ಮೇಲೆ ರೇಗಬೇಡಿ. ಕಾಳಜಿಯಿಂದಲೇ ಕಳಿಸಿರುತ್ತಾರೆ. ಅದರ ಕೆಳಗೆ ಒಂದು ಪ್ರಶ್ನೆ ಹಾಕಿ: “ಮನೆಯಲ್ಲಿ ಶುಗರ್ ಇರುವವರಿಗೆ ಈ ವರ್ಷ ಮೂತ್ರ ಪರೀಕ್ಷೆ ಮಾಡಿಸಿದ್ರಾ?”